ಮರದ ಮಾದರಿಗಳೂ ಮಹಾಸಮುದ್ರದ ಹಡಗುಗಳೂ

ಚಪ್ಪಟೆಯಾದ ಗೋಡೆಯ ಮೇಲೆ ಉಬ್ಬುತಗ್ಗುಗಳನ್ನು ಕಾಣಿಸುವುದು ಚಿತ್ರಕಾರನ ಕೆಲಸ. ಬಣ್ಣವೊಂದನ್ನೇ ಬಳಿದರೆ ಮುಖವು ಮುಖವಾಗಲಾರದು. ಕೆನ್ನೆಯ ಒಂದು ಪಕ್ಕಕ್ಕೆ ಬೆಳಕೂ ಇನ್ನೊಂದು ಪಕ್ಕಕ್ಕೆ ನೆರಳೂ ಕೂಡಿದಾಗಲೇ ಅದು ಗೋಡೆಯಿಂದ ಮೇಲೆದ್ದು ಬಂದಂತೆ ತೋರುವುದು. ಈ ಛಾಯಾವಿಧಾನಕ್ಕೆ ಭಾರತದ ಶಾಸ್ತ್ರಕಾರರು ವರ್ತನವೆಂದು ಹೆಸರಿಟ್ಟಿದ್ದರು. ವಿಷ್ಣುಧರ್ಮೋತ್ತರದ ಚಿತ್ರಸೂತ್ರದಲ್ಲಿ ಪತ್ರಜ, ಐರಿಕ, ಬಿಂದುಜವೆಂದು ಅದರ ಮೂರು ಬಗೆಗಳನ್ನು ಹೇಳಿದೆ. ನೆರಳಿನಿಂದ ಆಕಾರವನ್ನು ಹುಟ್ಟಿಸುವ ಈ ವಿದ್ಯೆಯನ್ನೇ ತಲೆಕೆಳಗು ಮಾಡಿ, ಇದ್ದ ಆಕಾರವನ್ನು ಕೆಡಿಸಿ, ನೋಡುವವನ ಕಣ್ಣನ್ನು ದಾರಿತಪ್ಪಿಸುವ ಕೆಲಸವೊಂದು 1917ನೆಯ ಇಸವಿಯಲ್ಲಿ ಲಂಡನ್ ನಗರದ ಚಿತ್ರಕಾರರ ಪಾಲಿಗೆ ಬಂದಿತು. ಒಂದೆರಡು ಗೇಣುದ್ದದ ಮರದ ಹಡಗುಗಳನ್ನು ಮುಂದಿಟ್ಟುಕೊಂಡು ಅವರು ತಿಂಗಳುಗಟ್ಟಲೆ ಬಣ್ಣ ಹಚ್ಚಿದರು, ಅಳಿಸಿದರು, ಮತ್ತೆ ಹಚ್ಚಿದರು. ಮಕ್ಕಳ ಆಟದ ಸಾಮಾನುಗಳಂತಿದ್ದ ಆ ಮರದ ತುಂಡುಗಳನ್ನು ನಂಬಿ ಸಾವಿರಾರು ನಾವಿಕರು ಸಮುದ್ರಕ್ಕೆ ಇಳಿದರು.

ಹಡಗಿನ ವೇಷವನ್ನು ಬದಲಿಸಿ ಶತ್ರುವನ್ನು ವಂಚಿಸುವುದು ಹೊಸ ಉಪಾಯವೇನೂ ಅಲ್ಲ. 1914ನೆಯ ಸೆಪ್ಟೆಂಬರ್ 22ರ ರಾತ್ರಿ ಮದರಾಸಿನ ಎಣ್ಣೆಯ ತೊಟ್ಟಿಗಳ ಮೇಲೆ ಗುಂಡು ಹಾರಿಸಿದ ಎಂಡನ್ ನೌಕೆಯ ಹೆಸರು ದಕ್ಷಿಣ ದೇಶದಲ್ಲೆಲ್ಲ ಮನೆಮಾತಾಗಿ ಹೋಯಿತು. ಆ ನೌಕೆಗೆ ಇದ್ದುದು ಮೂರೇ ಹೊಗೆಕೊಳವೆಗಳು. ಅದರ ನಾಯಕನಾದ ಫಾನ್ ಮುಲ್ಲರನು ನಾಲ್ಕನೆಯದೊಂದು ಹುಸಿಕೊಳವೆಯನ್ನು ಕಟ್ಟಿಸಿ, ದೂರದಿಂದ ಇಂಗ್ಲಿಷರ ನೌಕೆಯಂತೆ ಕಾಣುವ ಹಾಗೆ ಮಾಡಿ, ಅಕ್ಟೋಬರ್ 28ರ ಮುಂಜಾನೆ ಪೆನಾಂಗ್ ರೇವನ್ನು ಹೊಕ್ಕು ಅಲ್ಲಿ ಲಂಗರು ಹಾಕಿದ್ದ ರಷ್ಯದ ಯುದ್ಧನೌಕೆಯೊಂದನ್ನು ಮುಳುಗಿಸಿದನು. ನೀರಿನ ಮೇಲೆ ನೀರಿನ ಮೇಲಿನವರನ್ನು ಮೋಸಗೊಳಿಸಲು ಇಂಥ ವೇಷವು ಸಾಕಾಗುತ್ತಿದ್ದಿತು. ಆದರೆ ಜರ್ಮನರ ಜಲಾಂತರ್ಗಾಮಿ ನೌಕೆಗಳು ಬಲವಾದ ಮೇಲೆ, ಹಡಗು ಯಾರದೆಂಬ ಪ್ರಶ್ನೆಯೇ ಹಿಂದಾಯಿತು. 1917ನೆಯ ಫೆಬ್ರವರಿ 1ರಿಂದ ಬ್ರಿಟನ್ನಿನ ಸುತ್ತಣ ನೀರಿನಲ್ಲಿ ಕಂಡ ಯಾವ ಹಡಗನ್ನಾದರೂ ಮುನ್ಸೂಚನೆಯಿಲ್ಲದೆ ಮುಳುಗಿಸುವೆವೆಂದು ಜರ್ಮನಿಯು ಸಾರಿತು. ಏಪ್ರಿಲ್ ತಿಂಗಳೊಂದರಲ್ಲಿಯೇ ಎಂಟೂವರೆ ಲಕ್ಷ ಟನ್ನುಗಳಿಗೂ ಮೇಲ್ಪಟ್ಟ ಹಡಗುಗಳು ಸಮುದ್ರದ ಪಾಲಾದವು. ಅನ್ನಕ್ಕಾಗಿ ಹೊರದೇಶಗಳ ಗೋಧಿಯನ್ನು ನಂಬಿಕೊಂಡಿದ್ದ ದ್ವೀಪಕ್ಕೆ ಇದಕ್ಕಿಂತ ಭಯಂಕರವಾದ ಲೆಕ್ಕವು ಬೇರೊಂದಿರಲಿಲ್ಲ.

ಜಲಾಂತರ್ಗಾಮಿಯು ಗುರಿಯಿಡುವ ಕ್ರಮವನ್ನು ಸ್ವಲ್ಪ ತಿಳಿದುಕೊಂಡಲ್ಲದೆ ಮುಂದಿನ ಸಂಗತಿಯು ಮನಸ್ಸಿಗೆ ಹತ್ತಲಾರದು. ಅದರ ನಾಯಕನು ನೀರಿನ ಕೆಳಗಿದ್ದುಕೊಂಡು, ಪೆರಿಸ್ಕೋಪೆಂಬ ಕೊಳವೆಯ ತುದಿಯನ್ನು ಮಾತ್ರ ಕೆಲವು ಕ್ಷಣಗಳ ಮಟ್ಟಿಗೆ ಮೇಲಕ್ಕೆತ್ತಿ ನೋಡುತ್ತಾನೆ. ಹೆಚ್ಚು ಹೊತ್ತು ಎತ್ತಿದರೆ ತಾನೇ ಸಿಕ್ಕಿಬೀಳುವನು. ಆ ಅಲ್ಪಕಾಲದಲ್ಲಿಯೇ ಎದುರಿನ ಹಡಗು ಎಷ್ಟು ದೂರದಲ್ಲಿದೆ, ಎಷ್ಟು ವೇಗದಿಂದ ಸಾಗುತ್ತಿದೆ, ಯಾವ ದಿಕ್ಕಿಗೆ ಮುಖಮಾಡಿದೆ ಎಂಬ ಮೂರನ್ನೂ ಅವನು ಊಹಿಸಬೇಕು. ಗಂಟೆಗೆ 36 ನಾವಿಕ ಮೈಲಿಯಂತೆ ಓಡುವ ಟಾರ್ಪಿಡೋವಿಗೆ 1,000 ಗಜಗಳನ್ನು ದಾಟಲು ಸುಮಾರು 50 ಸೆಕೆಂಡುಗಳು ಬೇಕು. ಅಷ್ಟರಲ್ಲಿ, ಗಂಟೆಗೆ 10 ನಾವಿಕ ಮೈಲಿಯಂತೆ ಹೋಗುವ ಸಾಮಾನು ಹಡಗು 800 ಅಡಿಗಿಂತಲೂ ಹೆಚ್ಚು ಮುಂದೆ ಸರಿದಿರುವುದು. 400 ಅಡಿ ಉದ್ದದ ಹಡಗಾದರೆ ತನ್ನ ಉದ್ದದ ಎರಡರಷ್ಟು. ಹಾರುವ ಹಕ್ಕಿಗೆ ಬಾಣ ಬಿಡುವ ಬೇಡನು ಹಕ್ಕಿಯಿರುವ ಕಡೆಗೆ ಬಿಡದೆ ಅದು ಬರಲಿರುವ ಕಡೆಗೆ ಬಿಡುವಂತೆ, ಈತನೂ ಹಡಗು ಮುಂದೆ ಬರಲಿರುವ ನೀರಿಗೇ ಟಾರ್ಪಿಡೋವನ್ನು ಬಿಡಬೇಕಾಗುವುದು. ದಿಕ್ಕಿನ ಊಹೆಯು ತಪ್ಪಿದರೆ ಟಾರ್ಪಿಡೋವು ಬರಿಯ ನೀರನ್ನು ಸೀಳಿಕೊಂಡು ಹೋಗುವುದು. ಜೊತೆಗೆ ಆ ಟಾರ್ಪಿಡೋಗಳು ಎಣಿಕೆಯಲ್ಲಿಯೂ ಬಹಳವಿಲ್ಲ.

ಇಂಥ ಶತ್ರುವಿನಿಂದ ಪಾರಾಗಲು ಬಣ್ಣವು ಮಾಡಬಹುದಾದ ಸಹಾಯವು ಎರಡು ತೆರನಾದುದು: ಹಡಗನ್ನು ಕಾಣದಂತೆ ಮಾಡುವುದು ಒಂದು, ಕಂಡರೂ ತಪ್ಪಾಗಿ ಕಾಣುವಂತೆ ಮಾಡುವುದು ಇನ್ನೊಂದು. ಮೊದಲನೆಯದರ ಹಿಂದೆ ಅನೇಕ ವರ್ಷಗಳ ವಿಚಾರವಿದ್ದಿತು.

ಅಮೆರಿಕದ ಚಿತ್ರಕಾರನಾದ ಅಬಟ್ ಥೇಯರನು ಪಕ್ಷಿಗಳನ್ನು ಬಹುಕಾಲ ಗಮನಿಸಿ 1896ರಲ್ಲಿ ಒಂದು ತತ್ತ್ವವನ್ನು ಪ್ರಕಟಿಸಿದನು. ಬಿಸಿಲು ಮೇಲಿನಿಂದ ಬೀಳುವುದರಿಂದ ಯಾವ ಪ್ರಾಣಿಯ ಬೆನ್ನಾದರೂ ಬೆಳಗಿಯೂ ಹೊಟ್ಟೆಯು ಕಪ್ಪಾಗಿಯೂ ತೋರಬೇಕು. ಆ ನೆರಳಿನಿಂದಲೇ ಅದರ ದುಂಡಗಿನ ಮೈ ಕಣ್ಣಿಗೆ ತಿಳಿಯುವುದು. ಆದರೆ ನಿಸರ್ಗವು ಇದಕ್ಕೆ ಎದುರಾಗಿ, ಬೆನ್ನಿಗೆ ಗಾಢವರ್ಣವನ್ನೂ ಹೊಟ್ಟೆಗೆ ತೆಳುವರ್ಣವನ್ನೂ ಕೊಟ್ಟಿದೆ. ರಾಣೆಬೆನ್ನೂರಿನ ಬಯಲುಗಳಲ್ಲಿ ಕೃಷ್ಣಮೃಗವನ್ನು ಕಂಡವರಿಗೆ ಇದು ಹೊಸ ಮಾತಲ್ಲ. ಹೆಣ್ಣಿನ ಬೆನ್ನು ಕಂದು, ಹೊಟ್ಟೆ ಶುಭ್ರವಾದ ಬಿಳುಪು. ಮೇಲಿನ ಬೆಳಕೂ ಮೇಲಿನ ಕಪ್ಪೂ, ಕೆಳಗಿನ ನೆರಳೂ ಕೆಳಗಿನ ಬಿಳುಪೂ ಪರಸ್ಪರ ತೊಡೆದುಹೋಗಿ ಮೈಯ ಉಬ್ಬು ಅಡಗುವುದೆಂದೂ, ಪ್ರಾಣಿಯು ಹಿಂದಿನ ನೆಲದೊಡನೆ ಒಂದಾಗುವುದೆಂದೂ ಥೇಯರನ ವಾದ. ಚಿತ್ರಕಾರನ ವರ್ತನವು ಚಪ್ಪಟೆಯನ್ನು ದುಂಡಗೆ ಮಾಡುವುದು. ಇದು ದುಂಡಗಿನದನ್ನು ಚಪ್ಪಟೆ ಮಾಡುವುದು. ವಿದ್ವಾಂಸರ ಸಭೆಯಲ್ಲಿ ಇದನ್ನು ಸಾಧಿಸಿ ತೋರಿಸಲು ಥೇಯರನು ತಂದುದು ಹಕ್ಕಿಗಳನ್ನಲ್ಲ, ಹಕ್ಕಿಯ ಗಾತ್ರದ ಗೆಣಸುಗಳನ್ನು. ಅವನ್ನು ತಂತಿಯ ಮೇಲೆ ನಿಲ್ಲಿಸಿ, ಬೆನ್ನಿಗೂ ಹೊಟ್ಟೆಗೂ ಬೇರೆಬೇರೆ ಬಣ್ಣ ಹಚ್ಚಿ, ಹತ್ತಿರದಲ್ಲಿದ್ದವರಿಗೂ ಅವು ಕಾಣದಂತೆ ಮಾಡಿದನು. ಸಣ್ಣ ಮಾದರಿಯೊಂದಕ್ಕೆ ಬಣ್ಣ ಹಚ್ಚಿ ದೊಡ್ಡ ಸಂಗತಿಯೊಂದನ್ನು ಸಾಧಿಸುವ ಪದ್ಧತಿಯು ಈ ಕಥೆಯಲ್ಲಿ ಮೊದಲು ತಲೆದೋರಿದುದು ಹೀಗೆ.

1898ರಲ್ಲಿ ಅಮೆರಿಕಕ್ಕೂ ಸ್ಪೇನಿಗೂ ಯುದ್ಧವಾದಾಗ, ಯುದ್ಧನೌಕೆಗಳಿಗೂ ಇದೇ ರೀತಿಯ ಬಣ್ಣವನ್ನು ಹಚ್ಚಬೇಕೆಂದು ಥೇಯರನು ಸೂಚಿಸಿದನು. 1902ರಲ್ಲಿ ಜೆರೋಮ್ ಬ್ರಷ್ ಎಂಬ ತನ್ನ ಸಂಗಡಿಗನೊಡನೆ ಅದಕ್ಕೆ ಪೇಟೆಂಟನ್ನೂ ಪಡೆದನು. ಇಷ್ಟಾದರೂ ನೌಕಾಧಿಕಾರಿಗಳು ಅತ್ತ ಕಿವಿಗೊಡಲಿಲ್ಲ. ಸಿದ್ಧಾಂತವನ್ನು ಎಳೆದೆಳೆದು ನವಿಲಿನ ಬಣ್ಣವೂ ಅಡಗುವುದಕ್ಕಾಗಿಯೇ ಇದೆಯೆಂದು ಸಾಧಿಸಹೊರಟ ಆತನ ಹಟವೂ ಈ ಉಪೇಕ್ಷೆಗೆ ಸ್ವಲ್ಪ ಕಾರಣವಾಗಿರಬೇಕು.

ಯುದ್ಧವು ಪ್ರಾರಂಭವಾದ ಕೂಡಲೇ, 1914ನೆಯ ಸೆಪ್ಟೆಂಬರಿನಲ್ಲಿ, ಗ್ಲಾಸ್ಗೊ ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರಾಧ್ಯಾಪಕನಾದ ಜಾನ್ ಗ್ರಹಾಮ್ ಕೆರ್ ಎಂಬಾತನು ಆಗ ನೌಕಾಖಾತೆಯ ಮುಖ್ಯನಾಗಿದ್ದ ಚರ್ಚಿಲನಿಗೆ ಪತ್ರ ಬರೆದನು. ತೋಪುಗಳ ಕೆಳಭಾಗಕ್ಕೂ ನೆರಳು ಬೀಳುವ ಮೂಲೆಗಳಿಗೂ ಬಿಳಿಯ ಬಣ್ಣ ಹಚ್ಚಿ ನೆರಳನ್ನು ಕೊಲ್ಲಬೇಕೆಂಬುದು ಅವನ ಒಂದು ಸಲಹೆ. ಜಿರಾಫೆ, ಜೀಬ್ರಾ, ಜಾಗ್ವಾರುಗಳ ಮೈಮೇಲಿನ ಪಟ್ಟೆಮಚ್ಚೆಗಳಂತೆ ಹಡಗಿನ ಅಂಚಿನ ಗೆರೆಯನ್ನು ಅಲ್ಲಲ್ಲಿ ಕಡಿದುಹಾಕಬೇಕೆಂಬುದು ಇನ್ನೊಂದು. ಕೆಲವು ನೌಕೆಗಳಿಗೆ ಹೀಗೆ ಬಣ್ಣವನ್ನು ಹಚ್ಚಿದ್ದೂ ಉಂಟು. ಆದರೆ ನಾವಿಕರು ತಮಗೆ ತೋಚಿದಂತೆ ಹಚ್ಚಿದ್ದರಿಂದಲೋ ಏನೋ, 1915ರಲ್ಲಿ ನೌಕಾಖಾತೆಯವರು ಅದನ್ನು ಬಿಟ್ಟು ಮತ್ತೆ ಒಂದೇ ಬೂದುಬಣ್ಣಕ್ಕೆ ಹಿಂದಿರುಗಿದರು. ಚರ್ಚಿಲನು ಆ ವೇಳೆಗೆ ಪದವಿಯನ್ನು ಬಿಟ್ಟಿದ್ದನು. ಅಧ್ಯಾಪಕನ ಪತ್ರಗಳಿಗೆ ಬೆಂಬಲವಾಗಿ ನಿಲ್ಲುವವರಿರಲಿಲ್ಲ.

ಎರಡನೆಯ ಮಾರ್ಗವನ್ನು ಹಿಡಿದವನು ಪ್ರಾಣಿಶಾಸ್ತ್ರವನ್ನರಿಯದ ನಾರ್ಮನ್ ವಿಲ್ಕಿನ್‌ಸನ್ ಎಂಬ ಸಮುದ್ರಚಿತ್ರಕಾರನು. 1878ರಲ್ಲಿ ಹುಟ್ಟಿದ ಈತನು ಪತ್ರಿಕೆಗಳಿಗೂ ರೈಲ್ವೆ ಕಂಪೆನಿಗಳಿಗೂ ಚಿತ್ರ ಬರೆದು ಹೆಸರುವಾಸಿಯಾಗಿದ್ದನು. 1912ರಲ್ಲಿ ಮುಳುಗಿದ ಟೈಟಾನಿಕ್ ಹಡಗಿನ ಮೊದಲನೆಯ ತರಗತಿಯ ಧೂಮಪಾನದ ಕೊಠಡಿಯಲ್ಲಿ ಈತನ ಪ್ಲಿಮತ್ ರೇವಿನ ಚಿತ್ರವಿದ್ದು, ಅದೂ ಹಡಗಿನೊಡನೆ ತಳವನ್ನು ಸೇರಿತು. ಯುದ್ಧಕಾಲದಲ್ಲಿ ನೌಕಾಸೇನೆಯನ್ನು ಹೊಕ್ಕು, ಡಾರ್ಡನಲ್ಸಿನ ರಣರಂಗವನ್ನು ಕಂಡು, 1917ರ ವಸಂತದಲ್ಲಿ ಡೆವನ್‌ಪೋರ್ಟಿನಲ್ಲಿ ಶತ್ರುಗಳು ನೀರಿನಲ್ಲಿ ಹುದುಗಿಸಿದ ಮೈನುಗಳನ್ನು ತೆಗೆಯುವ ಕೆಲಸದಲ್ಲಿದ್ದನು. ಏಪ್ರಿಲ್ ಕೊನೆಯಲ್ಲಿ ಎರಡು ದಿನ ರಜೆ ಪಡೆದು ಮೀನು ಹಿಡಿಯಲು ಹೋಗಿದ್ದವನು, ಹಿಂದಿರುಗುವಾಗ ಮುಂಜಾನೆಯ ಚಳಿಯಲ್ಲಿ ರೈಲಿನ ಡಬ್ಬಿಯಲ್ಲಿ ಕುಳಿತಿದ್ದಂತೆ ಒಂದು ಸಂಗತಿಯು ಅವನಿಗೆ ಹೊಳೆಯಿತು. ಜಲಾಂತರ್ಗಾಮಿಯ ಕಣ್ಣು ನೀರಿನ ಮಟ್ಟದಲ್ಲಿಯೇ ಇರುವುದರಿಂದ ಹಡಗು ಅದಕ್ಕೆ ಯಾವಾಗಲೂ ಆಕಾಶದ ಎದುರಿಗೆ ನಿಂತು ಕಾಣುವುದು. ಆಕಾಶದ ಬಣ್ಣವೋ ಗಳಿಗೆಗೊಮ್ಮೆ ಬದಲಾಗುವುದು. ಮೇಲಾಗಿ ಹಡಗಿನ ಹೊಗೆಯನ್ನು ಯಾವ ಬಣ್ಣವೂ ಮುಚ್ಚಲಾರದು. ಆದಕಾರಣ ಅಡಗಿಸುವ ಪ್ರಯತ್ನವೇ ವ್ಯರ್ಥ. ಹಡಗು ಕಾಣಲಿ; ಆದರೆ ಅದು ಎತ್ತ ಹೋಗುತ್ತಿದೆಯೆಂಬುದು ತಿಳಿಯದಿರಲಿ.

ಈ ಉಪಾಯಕ್ಕೆ ಡ್ಯಾಜಲ್, ಎಂದರೆ ಕಣ್ಣು ಕೋರೈಸುವ ಬಣ್ಣವೆಂದು ಹೆಸರಾಯಿತು. ಮೇ ತಿಂಗಳಿನಲ್ಲಿ ಇಂಡಸ್ಟ್ರಿ ಎಂಬ ಸಾಮಾನು ಹಡಗಿಗೆ ಪ್ರಯೋಗಾರ್ಥವಾಗಿ ಬಣ್ಣ ಹಚ್ಚಿ ಕಡಲಿಗೆ ಬಿಟ್ಟರು. ಕರಾವಳಿಯ ಕಾವಲುಗಾರರು ಅದರ ದಿಕ್ಕನ್ನು ಹೇಳಲು ತಡವರಿಸಿದುದನ್ನು ಕಂಡು, 50 ಸೈನಿಕಸಾಗಣೆಯ ಹಡಗುಗಳಿಗೆ ಹೀಗೆಯೇ ಮಾಡಬೇಕೆಂದು ಅಪ್ಪಣೆಯಾಯಿತು. ಕೆಲಸಕ್ಕೆ ಜಾಗ ಬೇಕಾದಾಗ ಅದನ್ನು ಕೊಟ್ಟುದು ಲಂಡನ್ನಿನ ಬರ್ಲಿಂಗ್‌ಟನ್ ಹೌಸಿನಲ್ಲಿರುವ ರಾಯಲ್ ಅಕಾಡೆಮಿ, ಚಿತ್ರಕಲೆಯ ಮಠ. ಯುದ್ಧಕ್ಕೂ ಚಿತ್ರಕ್ಕೂ ಇಷ್ಟು ಹತ್ತಿರದ ನೆಂಟು ಬೆಳೆದುದು ವಿರಳ.

ಅಲ್ಲಿ ಸುಮಾರು ಎರಡು ಡಜನ್ ಜನರು ಸೇರಿದರು. ಸೇನೆಯ ಉಡುಪು ತೊಟ್ಟ ಚಿತ್ರಕಾರರು, ಮಾದರಿಗಳನ್ನು ಕೆತ್ತುವ ಬಡಗಿಗಳು, ಕಲಾಶಾಲೆಗಳಿಂದ ಬಂದ ತರುಣಿಯರು. ಮೊದಲು ಹಡಗಿನ ನಕ್ಷೆಯನ್ನು ತರಿಸಿಕೊಂಡು ಅದಕ್ಕನುಗುಣವಾದ ಅಳತೆಯಲ್ಲಿ ಸಣ್ಣ ಮರದ ಮಾದರಿಯನ್ನು ಕೆತ್ತುವರು. ಹಗ್ಗ, ಏಣಿ, ಕಿಟಕಿ ಮೊದಲಾದ ಸೂಕ್ಷ್ಮಗಳು ಅದರಲ್ಲಿ ಬೇಕಾಗಿಲ್ಲ. ಒಡಲಿನ ಉದ್ದಗಲ, ಮೇಲಿನ ಕಟ್ಟಡ, ಹೊಗೆಕೊಳವೆ, ಕೂವೆಮರಗಳು ಸರಿಯಾಗಿದ್ದರೆ ಸಾಕು. ದೂರದಿಂದ ದಿಕ್ಕನ್ನು ಊಹಿಸುವವನಿಗೆ ಆಧಾರವಾಗುವುವು ಇವೇ ತಾನೆ! ಆಮೇಲೆ ಅದಕ್ಕೆ ತೆಳುವಾದ ನೀರುಬಣ್ಣದಿಂದ ಚಿತ್ತಾರವನ್ನು ಬರೆಯುವರು. ಎಣ್ಣೆಬಣ್ಣವನ್ನು ಬಿಟ್ಟು ನೀರುಬಣ್ಣವನ್ನು ಹಿಡಿದುದಕ್ಕೆ ಕಾರಣವಿದ್ದಿತು: ಚಿತ್ತಾರವು ಒಪ್ಪಿಗೆಯಾಗದಿದ್ದರೆ ಒಡನೆಯೇ ಅಳಿಸಿ ಬೇರೆಯದನ್ನು ಬರೆಯಬಹುದು, ಒಂದೇ ಮರದ ತುಂಡು ಹಲವು ವೇಷಗಳನ್ನು ತಾಳಬಹುದು.

ಹೀಗೆ ಬಣ್ಣ ತೊಟ್ಟ ಮಾದರಿಯನ್ನು ತಿರುಗುಮಣೆಯೊಂದರ ಮೇಲಿಟ್ಟು, ಅದರ ಹಿಂದೆ ಮೋಡದ, ಬಿಸಿಲಿನ, ಮಸುಕಿನ ಆಕಾಶಗಳನ್ನು ಬರೆದ ಪರದೆಗಳನ್ನು ಒಂದಾದ ಮೇಲೊಂದರಂತೆ ಇಳಿಬಿಡುವರು. ಎದುರಿಗೆ ಪೆರಿಸ್ಕೋಪಿನ ಕೊಳವೆ. ನೋಡುವವನು ಅದಕ್ಕೆ ಕಣ್ಣಿಟ್ಟು ಹಡಗಿನ ಮುಖವು ಎತ್ತ ಇದೆಯೆಂದು ಹೇಳಬೇಕು. ಮಣೆಯ ಅಂಚಿನ ಗುರುತುಗಳಿಂದ ನಿಜವಾದ ದಿಕ್ಕು ತಿಳಿಯುವುದು. ಎರಡಕ್ಕೂ ಅಂತರವು ಹೆಚ್ಚಿದಷ್ಟೂ ಚಿತ್ತಾರವು ಒಳ್ಳೆಯದು. ನಾವಿಕನಾಗಿಯೇ ಬೆಳೆದ ಐದನೆಯ ಜಾರ್ಜ್ ದೊರೆಯು ಒಂದು ದಿನ ಈ ಶಾಲೆಗೆ ಬಂದು ಕೊಳವೆಯಲ್ಲಿ ನೋಡಿ, ಹಡಗು ದಕ್ಷಿಣದಿಂದ ತುಸು ಪಶ್ಚಿಮಕ್ಕೆ ಹೋಗುತ್ತಿದೆಯೆಂದು ಹೇಳಿದನು. ಅದು ಹೋಗುತ್ತಿದ್ದುದು ಪೂರ್ವ-ಆಗ್ನೇಯಕ್ಕೆ. ದಿಕ್ಸೂಚಿಯ ಲೆಕ್ಕದಲ್ಲಿ ಇದು ಸುಮಾರು 79 ಅಂಶಗಳ ತಪ್ಪು. ತಾನು ಇಷ್ಟರಮಟ್ಟಿಗೆ ಮೋಸಹೋಗಬಹುದೆಂದು ದೊರೆಯು ನಂಬಿರಲಿಲ್ಲವಂತೆ.

ಚಿತ್ತಾರದ ಗುಟ್ಟೇನು? ಹಡಗಿನ ಮೂತಿಯೇ ದಿಕ್ಕನ್ನು ಹೇಳುವ ಅಂಗವಾದುದರಿಂದ ಮೊದಲ ಏಟು ಅದಕ್ಕೆ ಬೀಳುತ್ತಿದ್ದಿತು. ಮೂತಿಯ ತುದಿಗೆ ಆಕಾಶದಂಥ ತೆಳುಬಣ್ಣವನ್ನೂ ಅದರ ಹಿಂದೆ ಕಡುಗಪ್ಪಿನ ಓರೆಯಾದ ಅಂಚನ್ನೂ ಕೊಟ್ಟರೆ, ಕಪ್ಪು ತೊಡಗುವ ಸ್ಥಳವೇ ಮೂತಿಯೆಂದು ಕಣ್ಣು ಭ್ರಮಿಸುವುದು. ಒಡಲಿನುದ್ದಕ್ಕೂ ಎಳೆದ ಪಟ್ಟೆಗಳನ್ನು ಒಂದು ಕೊನೆಯ ಕಡೆಗೆ ಕ್ರಮವಾಗಿ ಕಿರಿದು ಮಾಡಿದರೆ, ದೂರ ಸರಿದಂತೆ ಸಣ್ಣದಾಗುವ ವಸ್ತುಗಳ ನಿಯಮವನ್ನು ಬಲ್ಲ ಕಣ್ಣು ಆ ಕೊನೆಯು ಅತ್ತ ತಿರುಗಿದೆಯೆಂದು ತೀರ್ಮಾನಿಸುವುದು. ಚಿತ್ರಶಾಲೆಯಲ್ಲಿ ಮೊದಲನೆಯ ವರ್ಷದ ವಿದ್ಯಾರ್ಥಿಯು ರಸ್ತೆಯನ್ನು ದೂರಕ್ಕೆ ಕಳುಹಿಸಲು ಕಲಿಯುವ ಪಾಠವೇ ಇದು. ಹೊಗೆಕೊಳವೆಗಳ ಮೇಲೆ ಓರೆಪಟ್ಟಿ, ಮೂತಿಯ ಬಳಿ ಸುಳ್ಳು ಅಲೆಯಂತೆ ಬಾಗಿದ ಬಿಳಿಯ ಗೆರೆ, ನೇರವಾದ ಅಂಚುಗಳು ಸೇರುವಲ್ಲೆಲ್ಲ ಬಣ್ಣದ ಕಡಿತ. ಎಡಮಗ್ಗುಲಿನ ಚಿತ್ತಾರವೇ ಬೇರೆ, ಬಲಮಗ್ಗುಲಿನದೇ ಬೇರೆ. ಕಪ್ಪು, ಬಿಳುಪು, ನೀಲಿ, ಹಸಿರು, ಬೂದು ಇವೇ ಮುಖ್ಯ ವರ್ಣಗಳು. ಸಣ್ಣ ಗೆರೆಗಳಿಗೂ ಚುಕ್ಕೆಗಳಿಗೂ ಇಲ್ಲಿ ಸ್ಥಾನವಿಲ್ಲ. ಏಕೆಂದರೆ ದೂರದಲ್ಲಿ ಅವೆಲ್ಲ ಕಲಸಿಹೋಗಿ ಒಂದೇ ಬೂದಿಯಾಗುವುವು. ಮಾದರಿಯ ಮೇಲೆ ಕುಸುರಿಕೆಲಸ ಮಾಡಬೇಕೆಂಬ ಚಪಲವನ್ನು ಅಡಗಿಸುವುದೇ ಹೊಸಬರಿಗೆ ಕಷ್ಟವಾಗಿದ್ದಿರಬೇಕು.

ಸಣ್ಣ ಮಾದರಿಯನ್ನು ನೋಡಿ ದೊಡ್ಡ ಹಡಗಿನ ವಿಷಯವನ್ನು ಹೇಳುವುದರಲ್ಲಿ ಒಂದು ತೊಡಕೂ ಇದ್ದಿತು. ಗಾತ್ರದ ಮಾತಿನಲ್ಲಿ ತೊಂದರೆಯಿಲ್ಲ: 400 ಅಡಿಯ ಹಡಗು ಒಂದು ಮೈಲಿಯಾಚೆ ಎಷ್ಟಾಗಿ ಕಾಣುವುದೋ, ಒಂದಡಿಯ ಮಾದರಿಯು 13 ಅಡಿ ದೂರದಲ್ಲಿ ಅಷ್ಟೇ ಆಗಿ ಕಾಣುವುದು, ಒಂದು ಕೊಠಡಿಯಲ್ಲಿ ಸಮುದ್ರವನ್ನು ಹಿಡಿಸಬಹುದು. ಆದರೆ ಆ ಹಡಗಿಗೂ ಕಣ್ಣಿಗೂ ನಡುವೆ ಒಂದು ಮೈಲಿಯ ತೇವಭರಿತ ಗಾಳಿಯಿದೆ. ಮಾದರಿಗೂ ಕಣ್ಣಿಗೂ ನಡುವೆ 13 ಅಡಿಯ ಕೊಠಡಿಯ ಗಾಳಿ ಮಾತ್ರ. ದೂರದ ಬೆಟ್ಟವು ಹಸಿರಾಗಿದ್ದರೂ ನೀಲಿಯಾಗಿ ತೋರುವುದು ಯಾವ ಕಾರಣದಿಂದಲೋ, ಅದೇ ಕಾರಣದಿಂದ ದೂರದ ಹಡಗಿನ ಕಪ್ಪು ಮಸುಕಾಗಿ ಬೂದಿಯತ್ತ ತಿರುಗುವುದು. ಬಿಳುಪೂ ತನ್ನ ಹೊಳಪನ್ನು ಕಳೆದುಕೊಳ್ಳುವುದು. ಮಾದರಿಯ ಮೇಲೆ ಅಪ್ಪಟ ಕಪ್ಪನ್ನೇ ಹಚ್ಚಿದರೆ ಅದು ಸಮುದ್ರದಲ್ಲಿ ಎಂದೂ ಕಾಣದಷ್ಟು ಕಟುವಾಗಿ ಕಾಣುವುದು. ಈ ಕಾಲದಲ್ಲಿ ಚಿಕ್ಕ ಹಡಗುಗಳನ್ನು ಹವ್ಯಾಸಕ್ಕಾಗಿ ಮಾಡುವವರು ಬಣ್ಣಗಳಿಗೆ ಸ್ವಲ್ಪ ಬಿಳುಪನ್ನೋ ಬೂದಿಯನ್ನೋ ಬೆರೆಸಿ ತಗ್ಗಿಸುವುದು ಇದಕ್ಕಾಗಿಯೇ. ಸಂದುಗಳಲ್ಲಿ ತೆಳುವಾದ ಕಪ್ಪನ್ನು ಹರಿಯಬಿಟ್ಟು, ಉಬ್ಬಿದ ಅಂಚುಗಳಿಗೆ ತಿಳಿಬಣ್ಣವನ್ನು ಸವರಿ ಅವರು ಆಕಾರವನ್ನು ಎತ್ತಿ ತೋರಿಸುತ್ತಾರೆ. ಅದು ಹಳೆಯ ವರ್ತನವೇ ಸರಿ. ಬರ್ಲಿಂಗ್‌ಟನ್ ಹೌಸಿನವರಿಗೆ ಬೇಕಾಗಿದ್ದುದು ಇದಕ್ಕೆ ತೀರ ವಿರುದ್ಧವಾದುದು.

ಒಪ್ಪಿಗೆಯಾದ ಮಾದರಿಯು ತರುಣಿಯರ ಮೇಜಿಗೆ ಬರುವುದು. ಅವರು ಅದರ ಎರಡು ಮಗ್ಗುಲುಗಳನ್ನೂ, ಅಡಿಗೆ ಅಂಗುಲದ ಹದಿನಾರನೆಯ ಒಂದು ಪಾಲಿನಂತೆ, ಕಾಗದದ ಮೇಲೆ ಬಣ್ಣದಲ್ಲಿ ನಕಲು ಮಾಡುವರು; 400 ಅಡಿಯ ಹಡಗಿಗೆ 25 ಅಂಗುಲದ ನಕ್ಷೆ. ಆ ನಕ್ಷೆಯು ರೇವುಗಳಲ್ಲಿದ್ದ ಅಧಿಕಾರಿಗಳಿಗೆ ಹೋಗುವುದು. ಇವರೂ ಬಹುಮಟ್ಟಿಗೆ ಚಿತ್ರಕಾರರೇ. ಹಡಗಿನ ಗೋಡೆಯಂಥ ಮೈಮೇಲೆ ಸೀಮೆಸುಣ್ಣದಿಂದ ಗೆರೆ ಹಾಕಿಸಿ, ದೂರ ನಿಂತು ನೋಡಿ, ತಿದ್ದಿಸಿ, ಬಳಿಯುವವರಿಗೆ ಒಪ್ಪಿಸುವರು. ಲಿವರ್‌ಪೂಲ್, ಬ್ರಿಸ್ಟಲ್‌ಗಳಲ್ಲಿ ಈ ಕೆಲಸವನ್ನು ನೋಡಿಕೊಂಡ ಎಡ್ವರ್ಡ್ ವಾಡ್ಸ್‌ವರ್ತನು ನವೀನಪಂಥದ ಚಿತ್ರಕಾರನು. ಕೋನಗಳನ್ನೂ ಪಟ್ಟೆಗಳನ್ನೂ ಚಿತ್ರಪಟದಲ್ಲಿ ಬರೆದಾಗ ನಕ್ಕ ಜನರು, ಅದೇ ಕೋನಗಳನ್ನು ನೂರಾರು ಅಡಿ ಉದ್ದದ ಉಕ್ಕಿನ ಮೇಲೆ ಸರ್ಕಾರದ ಖರ್ಚಿನಲ್ಲಿ ಬರೆಸುವುದನ್ನು ಕಂಡರು. 1919ರಲ್ಲಿ ಆತನು ಬರೆದ ಲಿವರ್‌ಪೂಲಿನ ಒಣಗಟ್ಟೆಯ ಹಡಗುಗಳ ದೊಡ್ಡ ಚಿತ್ರವು ಕೆನಡದ ರಾಷ್ಟ್ರೀಯ ಚಿತ್ರಶಾಲೆಯಲ್ಲಿದೆ. ಯುದ್ಧವು ಮುಗಿಯುವಷ್ಟರಲ್ಲಿ 4,000ಕ್ಕೂ ಮೇಲ್ಪಟ್ಟ ಬ್ರಿಟಿಷ್ ವರ್ತಕ ನೌಕೆಗಳೂ ಸುಮಾರು 400 ಯುದ್ಧನೌಕೆಗಳೂ ಈ ವೇಷವನ್ನು ತೊಟ್ಟಿದ್ದವು.

1918ರ ಮೊದಲಲ್ಲಿ ವಿಲ್ಕಿನ್‌ಸನ್ನನು ಅಮೆರಿಕಕ್ಕೆ ಹೋಗಿ ತನ್ನ ಪದ್ಧತಿಯನ್ನು ಅಲ್ಲಿಯವರಿಗೂ ಕಲಿಸಿದನು. ಅಲ್ಲಿ ಕೆಲಸವು ಎರಡು ಕವಲಾಯಿತು. ವಾಷಿಂಗ್‌ಟನ್ನಿನಲ್ಲಿ ಎವರೆಟ್ ವಾರ್ನರ್ ಎಂಬ ಚಿತ್ರಕಾರನ ಕೈಕೆಳಗೆ ಚಿತ್ತಾರಗಳು ಸಿದ್ಧವಾದವು. ರಾಚೆಸ್ಟರಿನ ಈಸ್ಟ್‌ಮನ್ ಕೊಡಕ್ ಪ್ರಯೋಗಶಾಲೆಯಲ್ಲಿ ಲಾಯ್ಡ್ ಜೋನ್ಸ್ ಎಂಬ ಭೌತವಿಜ್ಞಾನಿಯು ಬೆಳಕನ್ನೂ ಕಾಣುವಿಕೆಯನ್ನೂ ಅಳತೆಗೆ ತರಲು ತೊಡಗಿದನು. ಇಂಗ್ಲೆಂಡಿನಲ್ಲಿ ಕಣ್ಣಂದಾಜಿನಿಂದ ನಡೆದುದಕ್ಕೆ ಇಲ್ಲಿ ಗಣಿತದ ಸಹಾಯ ದೊರೆಯಿತು. ಮಾರ್ಚಿಯಿಂದ ನವೆಂಬರಿನವರೆಗೆ 1,250ಕ್ಕೂ ಹೆಚ್ಚಿನ ಅಮೆರಿಕದ ಹಡಗುಗಳಿಗೆ ಬಣ್ಣವಾಯಿತು. ಅದೇ ಜುಲೈಯಲ್ಲಿ ನ್ಯೂಯಾರ್ಕಿನ ಯೂನಿಯನ್ ಚೌಕದಲ್ಲಿ ನೆಲದ ಮೇಲೆಯೇ ಮರದಿಂದ ಕಟ್ಟಿದ್ದ ರಿಕ್ರೂಟ್ ಎಂಬ ಹುಸಿ ಯುದ್ಧನೌಕೆಗೆ ಒಂದು ಮಹಿಳಾದಳವು ರಾತ್ರೋರಾತ್ರಿ ಡ್ಯಾಜಲ್ ಬಣ್ಣ ಹಚ್ಚಿತು. ಸೈನ್ಯಕ್ಕೆ ಜನರನ್ನು ಸೇರಿಸುವುದಕ್ಕಾಗಿ ನಿಲ್ಲಿಸಿದ್ದ ಆ ಹಡಗಿಗೆ ಯಾವ ಟಾರ್ಪಿಡೋವಿನ ಭಯವೂ ಇರಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಮಾಡಿದುದರ ಫಲವೇನಾಯಿತು? ನೌಕಾಖಾತೆಯವರು 1918ರಲ್ಲಿ ಲೆಕ್ಕ ತೆಗೆದು ನೋಡಿದರು. ವರ್ಷದ ಮೊದಲ ಮೂರು ತಿಂಗಳುಗಳಲ್ಲಿ ಶತ್ರುವಿನ ದಾಳಿಗೆ ಸಿಕ್ಕಿದ ಡ್ಯಾಜಲ್ ಹಡಗುಗಳಲ್ಲಿ ನೂರಕ್ಕೆ 72 ಮುಳುಗಿದವು ಅಥವಾ ಪೆಟ್ಟು ತಿಂದವು. ಬಣ್ಣವಿಲ್ಲದವುಗಳಲ್ಲಿ ನೂರಕ್ಕೆ 62. ಮುಂದಿನ ಮೂರು ತಿಂಗಳುಗಳಲ್ಲಿ ಲೆಕ್ಕವು ತಿರುಗಿಬಿದ್ದು, ಡ್ಯಾಜಲಿನವು 60 ಆದರೆ ಬಣ್ಣವಿಲ್ಲದವು 68 ಆದವು. ಇದರಿಂದ ಯಾವ ಪಕ್ಷವೂ ಗೆಲ್ಲಲಿಲ್ಲ. ಬಣ್ಣ ಹಚ್ಚಿಸಿಕೊಂಡವು ಸಾಮಾನ್ಯವಾಗಿ ದೊಡ್ಡ ಹಡಗುಗಳಾದುದರಿಂದ ಎರಡು ಗುಂಪುಗಳನ್ನು ತಕ್ಕಡಿಯಲ್ಲಿಡುವುದೇ ಸರಿಯಲ್ಲ. ಇದಲ್ಲದೆ 1917ರ ಮೇ ತಿಂಗಳಿಂದ ಹಡಗುಗಳನ್ನು ಗುಂಪುಗೂಡಿಸಿ ಯುದ್ಧನೌಕೆಗಳ ಕಾವಲಿನಲ್ಲಿ ಕಳುಹಿಸುವ ಪದ್ಧತಿಯೂ ಆರಂಭವಾಗಿದ್ದಿತು. ಉಳಿದ ಹಡಗುಗಳು ಉಳಿದುದು ಬಹುಮಟ್ಟಿಗೆ ಅದರಿಂದ. ಆದರೂ ಬಣ್ಣದಿಂದ ಕೆಡುಕೇನೂ ಕಾಣಲಿಲ್ಲವೆಂದೂ, ನಾವಿಕರಿಗೆ ಅದರಿಂದ ಧೈರ್ಯ ಬಂದಿದೆಯೆಂದೂ ನೌಕಾಖಾತೆಯವರು ಅದನ್ನು ಮುಂದುವರಿಸಿದರು. ರಾತ್ರಿಯ ಕಡಲಿನಲ್ಲಿ ಯಾವ ಗಳಿಗೆಯಲ್ಲಿ ಸಿಡಿಯುವುದೋ ಎಂದು ಕಾದು ಕುಳಿತ ಎಂಜಿನ್ ಕೋಣೆಯವನಿಗೆ, ತನ್ನ ಪ್ರಾಣಕ್ಕಾಗಿ ಯಾರೋ ಏನೋ ಮಾಡಿದ್ದಾರೆಂಬ ನಂಬಿಕೆಯು ಅಲ್ಪವಾದುದಲ್ಲ.

ಯುದ್ಧಾನಂತರ ಕೀರ್ತಿಗಾಗಿ ಜಗಳವಾಯಿತು. ಮೊದಲು ಹೇಳಿದವನು ತಾನೆಂದು ಕೆರ್ ಅಧ್ಯಾಪಕನು ವಾದಿಸಿದನು. ಅಧ್ಯಾಪಕನದು ಅಡಗಿಸುವ ವಿದ್ಯೆ, ತನ್ನದು ದಾರಿತಪ್ಪಿಸುವ ವಿದ್ಯೆಯೆಂದು ವಿಲ್ಕಿನ್‌ಸನ್ನನು ಉತ್ತರಕೊಟ್ಟನು. ಸರ್ಕಾರದ ವಿಚಾರಣಾಸಮಿತಿಯು ಚಿತ್ರಕಾರನ ಕಡೆಗೇ ತೀರ್ಪಿತ್ತು 1922ರಲ್ಲಿ 2,000 ಪೌಂಡುಗಳ ಬಹುಮಾನವನ್ನು ಕೊಟ್ಟಿತು. ಕಟ್ಟುನಿಟ್ಟಾಗಿ ನೋಡಿದರೆ ತೀರ್ಪು ನ್ಯಾಯವಾದುದೇ. ಆದರೆ ಹಡಗಿನ ಅಂಚನ್ನು ಕಡಿದುಹಾಕಬೇಕೆಂದು 1914ರಲ್ಲಿಯೇ ಬರೆದವನಿಗೆ ಒಂದು ಗೌರವದ ಮಾತಾದರೂ ಸಲ್ಲಬೇಕಾಗಿದ್ದಿತು. ಎರಡನೆಯ ಮಹಾಯುದ್ಧದಲ್ಲಿ ಎರಡು ಮಾರ್ಗಗಳೂ ಮತ್ತೆ ಬಳಕೆಗೆ ಬಂದವು. ಇಂಗ್ಲೆಂಡಿನ ಲೆಮಿಂಗ್‌ಟನ್ ಪಟ್ಟಣದಲ್ಲಿ ನೀರಿನ ತೊಟ್ಟಿಯಲ್ಲಿ ಮಾದರಿಗಳನ್ನು ಇರಿಸಿ, ಹಗಲು ಇರುಳುಗಳ ಬೆಳಕನ್ನು ಬದಲಿಸುತ್ತ ಪರೀಕ್ಷಿಸಿದರು. ವಿಮಾನಗಳೂ ರೇಡಾರೂ ಬಂದ ಮೇಲೆ ಮಾತ್ರ ಕುಂಚದ ಬೆಲೆಯು ಕುಗ್ಗಿತು. ರೇಡಾರಿಗೆ ಬಣ್ಣವೇ ತಿಳಿಯದು.

ಮರದ ಮಾದರಿಗಳ ಸಾಕ್ಷ್ಯವು ಎಷ್ಟು ನಿಜವೆಂಬ ಪ್ರಶ್ನೆಯು ಮಾತ್ರ ನೂರು ವರ್ಷ ಹಾಗೆಯೇ ಉಳಿಯಿತು. 1919ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಲಯದಲ್ಲಿ ನೌಕಾನಿರ್ಮಾಣವನ್ನು ಓದುತ್ತಿದ್ದ ಲಿಯೋ ಬ್ಲಾಡ್ಜೆಟ್ ಎಂಬ ವಿದ್ಯಾರ್ಥಿಯು ಬಣ್ಣ ಹಚ್ಚಿದ ಮಾದರಿಗಳನ್ನು ಪೆರಿಸ್ಕೋಪಿನಿಂದ ನೋಡುವವರ ಮುಂದಿಟ್ಟು, ಅವರ ಊಹೆಗಳನ್ನು ಅಂಶಗಳಲ್ಲಿ ಬರೆದಿಟ್ಟು, ಪದವಿಗಾಗಿ ಪ್ರಬಂಧವನ್ನು ಬರೆದನು. ಇಂಗ್ಲೆಂಡಿನ ಆಸ್ಟನ್ ವಿಶ್ವವಿದ್ಯಾನಿಲಯದ ಟಿಮ್ ಮೀಸ್, ಸಮಂತಾ ಸ್ಟ್ರಾಂಗ್ ಎಂಬಿಬ್ಬರು ವಿದ್ವಾಂಸರು ಆ ಪ್ರಬಂಧವನ್ನು ಹೊರತೆಗೆದು, ಅದರ ಅಂಕೆಗಳನ್ನು ಮರಳಿ ಲೆಕ್ಕಹಾಕಿ, ಬಣ್ಣವನ್ನು ತೆಗೆದ ಚಿತ್ರಗಳೊಡನೆ ಹೋಲಿಸಿ, 2025ರಲ್ಲಿ ಫಲವನ್ನು ಪ್ರಕಟಿಸಿದರು. ಬಣ್ಣವು ಹಡಗಿನ ಮುಖವನ್ನು ತಿರುಚಿ ತೋರಿಸುವುದು ನಿಜವೇ; ಆದರೆ ಬ್ಲಾಡ್ಜೆಟನು ತಿಳಿದಷ್ಟಲ್ಲ. ಅದಕ್ಕಿಂತ ಬಲವಾದ ಭ್ರಮೆಯೊಂದು ಬಣ್ಣವಿದ್ದರೂ ಇಲ್ಲದಿದ್ದರೂ ಕೆಲಸ ಮಾಡುತ್ತಿದ್ದಿತು: ದಿಗಂತದ ಗೆರೆಗೆ 25 ಅಂಶಗಳವರೆಗೆ ಓರೆಯಾಗಿ ಹೋಗುವ ಹಡಗೂ ದಿಗಂತದುದ್ದಕ್ಕೇ ಸಾಗುತ್ತಿರುವಂತೆ ಮನುಷ್ಯನ ಕಣ್ಣಿಗೆ ತೋರುವುದು. ಈ ಮೋಸವನ್ನು ಬಲ್ಲವರೂ, ನೌಕಾಸೇನೆಯ ಅಧಿಕಾರಿಯೊಬ್ಬನೂ ನೋಡುವವರಲ್ಲಿದ್ದು, ಅವರೂ ಉಳಿದವರಂತೆಯೇ ತಪ್ಪಿದ್ದರು. ಬರ್ಲಿಂಗ್‌ಟನ್ ಹೌಸಿನ ತಿರುಗುಮಣೆಯ ಮುಂದೆ ಕುಳಿತವರು ಬಣ್ಣದ ಲೆಕ್ಕಕ್ಕೆ ಬರೆದುಕೊಂಡ ತಪ್ಪುಗಳಲ್ಲಿ ಒಂದು ಪಾಲು ಪರದೆಯ ಮೇಲಿನ ದಿಗಂತದ್ದಾಗಿದ್ದಿರಬೇಕು.

ಆ ಮಾದರಿಗಳಲ್ಲಿ ಅನೇಕವು ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಮಿನ ಸಂಗ್ರಹದಲ್ಲಿವೆ. ವಾಷಿಂಗ್‌ಟನ್ನಿನ ಬಣ್ಣದ ನಕ್ಷೆಗಳಲ್ಲಿ 455 ಮಾತ್ರ ಅಮೆರಿಕದ ರೋಡ್ ಐಲೆಂಡಿನ ಕಲಾಶಾಲೆಯಲ್ಲಿ ಉಳಿದಿವೆ. ಯುದ್ಧಕಾಲದಲ್ಲಿ ಫ್ಲೋರಿಡದ ರೇವೊಂದರಲ್ಲಿ ಹಡಗುಗಳ ಮೈಮೇಲೆ ಗೆರೆ ಹಾಕಿಸಿದ ಮಾರಿಸ್ ಫ್ರೀಡ್‌ಮನ್ ಎಂಬಾತನು ಅವನ್ನು ಬಿಸಾಡದೆ ಇಟ್ಟುಕೊಂಡಿದ್ದು ಅಲ್ಲಿಗೆ ಒಪ್ಪಿಸಿದನು.